ಮೂರೂವರೆ ತನಕದ ತತ್ವಶಾಸ್ತ್ರ

ಇನ್ನು ಮೇಲೆ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುವುದಿಲ್ಲ! ಹೀಗೊಂದು ಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಮಂಡ್ಯದಿಂದ ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ, ಒಂದು ಶುಕ್ರವಾರ, ಕಂಬಿ ಹಿಡಿದು ನಿಂತುಕೊಂಡು. ಸೀಟು ಸಿಕ್ಕಿದ್ದರೆ ನಿದ್ದೆ ಹೋಗಿರುತ್ತಿದ್ದೆ, ನಮ್ಮ ಹುಲ್ಲಿನ ಮೆದೆಯೂ ಉಳಿಯುತ್ತಿತ್ತು.

ನಾನು ಬಿ.ಎ. ಎರಡನೇ ವರ್ಷ. ನಮ್ಮೂರಿನಲ್ಲಿ ತತ್ವಶಾಸ್ತ್ರ ತೆಗೆದುಕೊಂಡ ಮೊದಲ ಹುಡುಗಿ. ಈಗ ನೋಡಿದರೆ ಕೊನೆಯವಳೂ ನಾನೇ ಇರಬೇಕು. ಪಾಠ ಮಾಡುವವರು ವನಜಾ ಮೇಡಂ. ಅವರ ಪೀರಿಯಡ್ಡು ದಿನದ ಕೊನೆಯದು, ಮೂರರಿಂದ ನಾಲ್ಕು. ನನ್ನ ಬಸ್ಸು ಮೂರು ನಲವತ್ತಕ್ಕೆ. ಅದು ತಪ್ಪಿದರೆ ಐದಕ್ಕೇ. ಅಷ್ಟರಲ್ಲಿ ಸಂಜೆ ಹಾಲು ಕರೆಯುವ ಹೊತ್ತು ಮೀರಿರುತ್ತದೆ, ಅವ್ವನೊಬ್ಬಳಿಗೇ ಮೂರು ಹಸು ಕಷ್ಟ. ಹಾಗಾಗಿ ಮೇಡಂ ಅಪ್ಪಣೆ ಪಡೆದು ದಿನವೂ ಮೂರೂವರೆಗೆ ಎದ್ದು ಓಡುವುದು ನನ್ನ ಪದ್ಧತಿ.

ಆ ಶುಕ್ರವಾರದ ಅರ್ಧ ಗಂಟೆಯಲ್ಲಿ ಮೇಡಂ ಎಂಥಾ ಮಾತಾಡಿದರು ಅಂತೀರಿ! "ಕಣ್ಣಿಗೆ ಕಂಡದ್ದಷ್ಟೇ ನಿಜ. ಊಹೆಗೆ ಬೆಲೆಯಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡ ಮಾತ್ರಕ್ಕೆ ಅಲ್ಲಿ ಬೆಂಕಿ ಇದೆ ಅನ್ನೋಕೆ ನೀವ್ಯಾರು?" ಎಂದು ಮೇಜು ಗುದ್ದಿದರು. ನನ್ನ ಮೈ ಜುಮ್ಮೆಂದಿತು. ಕೆಂಪು ಇಂಕಿನಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು, ಬಸ್ಸಿಗೆ ಓಡಿದೆ.

ಭಾನುವಾರ ಬೆಳಗ್ಗೆ ಅವ್ವ ಹಸಿಹುಲ್ಲು ಕುಯ್ಯಲು ಗದ್ದೆಗೆ ಹೊರಟಳು. ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತು ಕೂಗಿದಳು:

"ಅಂಡೆ ಒಲೆ ಬೂದಿ ತಿಪ್ಪೆಗೆ ಆಕ್ಬುಡವ್ವ. ನೀರ್ ಚಿಮುಕ್ಸಿ ಎತ್ಕೊ."

"ನೀರ್ ಯಾಕವ್ವ?"

"ಒಳಗೆ ಕೆಂಡ ಇರ್ತದೆ ಕಣಮ್ಮಿ!"

"ನೀನು ಕಣ್ಣಲ್ಲಿ ನೋಡಿದ್ದೀಯಾ?"

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಾಲೇಜ್ಗೆ ಕಳ್ಸಿದ್ದು ನಾನೇ ಅಲ್ವಾ, ಅನುಬವುಸ್ತೀನಿ ಬುಡು" ಎಂದು ನಡೆದಳು.

ನೀರು ಕಾಯಿಸುವ ಹಂಡೆ ಒಲೆಯ ಬೂದಿಯನ್ನು ಕೂಲಂಕಷವಾಗಿ ಪರೀಕ್ಷಿಸಿದೆ. ಬೆಳ್ಳಗಿತ್ತು, ಶಾಂತವಾಗಿತ್ತು. ಕೆಂಡವೆಂಬ ಪದಾರ್ಥ ಎಲ್ಲಿಯೂ ದರ್ಶನ ಕೊಡಲಿಲ್ಲ. ಕಾಣದ ಕೆಂಡಕ್ಕೆ ನೀರು ಸುರಿಯುವಷ್ಟು ದಡ್ಡಿಯೇ ನಾನು? ಬಾಂಡಲಿಯಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋದೆ. ತಿಪ್ಪೆಯವರೆಗೆ ನಡೆಯಲು ಸೋಮಾರಿತನ. ಮೆದೆಯ ಪಕ್ಕದಲ್ಲೇ ಸುರಿದು ಬಂದು, ಜಗಲಿಯ ಮೇಲೆ ನೋಟ್ಸು ಹಿಡಿದು ಕೂತೆ.

ನಮ್ಮಜ್ಜಿ ಪುಟ್ಟಮಾದಮ್ಮನಿಗೆ ಎರಡೂ ಕಣ್ಣಿಗೆ ಪೊರೆ. ಮೂಗು ಮಾತ್ರ ಪೊಲೀಸ್ ನಾಯಿಗೂ ಪಾಠ ಹೇಳುವಂಥದ್ದು. ಸ್ವಲ್ಪ ಹೊತ್ತಿಗೇ ಒಳಗಿನಿಂದ ಬಂದಳು.

"ಅರ್ಪಿತಾ, ಒಗೆ ವಾಸ್ನೆ ಕಣವ್ವ. ಎಲ್ಲಿಂದ ನೋಡು."

ನೋಡಿದೆ. ಮನೆಯ ಹಿಂದಿನಿಂದ ಹೊಗೆ ಏಳುತ್ತಿತ್ತು.

"ಹೂಂ ಅಜ್ಜಿ, ಹೊಗೆ ಕಾಣ್ತಾ ಅದೆ."

"ಅಂಗಾರೆ ಬೆಂಕಿ ಬಿದ್ದದೆ, ಓಡು!"

"ಹಂಗೆಲ್ಲ ಹೇಳಕ್ಕಾಗಲ್ಲ ಅಜ್ಜಿ. ಬೆಂಕಿ ಕಾಣ್ತಾ ಇಲ್ಲ. ನೀನು ಬರೀ ಊಹೆ ಮಾಡ್ತಿದ್ದೀಯ."

"ಊಯೆ ಏನಮ್ಮಿ ಊಯೆ! ಒಗೆ ತಾನಾಗ್ ತಾನೇ ಉಟ್ಕಂಡದಾ?"

"ಹುಟ್ಟಲ್ಲ ಅಂತ ನಿಂಗೆ ಯಾರು ಹೇಳಿದ್ರು? ಲೋಕದಲ್ಲಿರೋ ಎಲ್ಲಾ ಹೊಗೇನೂ ನೋಡಿದ್ದೀಯಾ?"

ಅಜ್ಜಿ ನನಗೆ ಬೆನ್ನು ತಿರುಗಿಸಿದಳು. ಗೆದ್ದೆ ಅಂದುಕೊಂಡೆ! ಎಂಬತ್ತು ವರ್ಷದ ಅನುಭವಕ್ಕೆ ಒಂದೇ ಪ್ರಶ್ನೆಯಲ್ಲಿ ಮಣ್ಣು ಮುಕ್ಕಿಸಿದೆ! ಅಜ್ಜಿ ಅಷ್ಟರಲ್ಲಿ ಗೋಡೆ ತಡವಿಕೊಂಡು, ಎಡವುತ್ತಾ, ಹಿತ್ತಲು ಸೇರಿದ್ದಳು. "ಚೌಡಯ್ಯಾ! ಮೆದೆ ಕಣ್ಲಾ! ಓಡ್ ಬಾರ್ಲಾ!"

ನಾನೂ ಓಡಿದೆ. ಈಗ ಬೆಂಕಿ ಪ್ರತ್ಯಕ್ಷವಾಗಿತ್ತು, ಯಾವ ತತ್ವಜ್ಞಾನಿಯೂ ಸಂಶಯಪಡಲಾಗದಂತೆ, ಮೆದೆಯ ಒಂದು ಮಗ್ಗುಲು ಪೂರ್ತಿ! ಪಕ್ಕದ ಮನೆಯ ಚೌಡಯ್ಯ ಮೋಟಾರು ಹಾಕಿ ಪೈಪು ಎಳೆದು ತಂದ. ನಾನು ಬಿಂದಿಗೆ ಮೇಲೆ ಬಿಂದಿಗೆ ಸುರಿದೆ. ಬೆಳಗ್ಗೆ ಒಂದು ಚೊಂಬು ನೀರಿನಲ್ಲಿ ಮುಗಿಯುತ್ತಿದ್ದ ಕೆಲಸವದು. ಬೆಂಕಿ ಆರಿದಾಗ ಅರ್ಧ ಮೆದೆ ಮಾತ್ರ ನಿಂತಿತ್ತು.

ಅವ್ವ ಹುಲ್ಲಿನ ಹೊರೆ ಇಳಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಕ್ಕಣೆ ಮುಗಿದ ಮೇಲೆ ಬಿಸಿಲಲ್ಲಿ ನಿಂತು ಒಟ್ಟಿಸಿದ ಮೆದೆ ಅದು, ಮಳೆ ಹಿಡಿಯುವ ತನಕ ಮೂರು ಹಸುಗಳ ಮೇವು. ಕೂತು, ಕರಿಯಾದ ಹುಲ್ಲಿನ ಒಳಗಿನಿಂದ ಚೆನ್ನಾಗಿರುವ ಕಂತೆಗಳನ್ನು ಹುಡುಕಿ ಬೇರೆ ಇಡತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ. ಅಳು ತಡೆಯಲಾಗಲಿಲ್ಲ.

"ಒಗೆ ಕಣ್ಗೆ ಬಿತ್ತಾ?" ಅಂದಳು ಅವ್ವ, ಅಷ್ಟೆ.

ಸೋಮವಾರ ಜಗಳವಾಡಲೆಂದೇ ಸ್ಟಾಫ್ ರೂಮಿಗೆ ನುಗ್ಗಿದೆ. "ಮೇಡಂ, ನೀವು ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೆ. ನಮ್ಮ ಮೆದೆ ಸುಟ್ಟೋಯ್ತು!"

ಪೂರ್ತಿ ಕಥೆ ಕೇಳಿ ವನಜಾ ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ಅದು ನನ್ನ ಮಾತಲ್ಲ ಕಣಮ್ಮ, ಪೂರ್ವಪಕ್ಷ! ಎದುರಾಳಿ ಏನು ಹೇಳ್ತಾನೆ ಅಂತ ಮೊದಲು ಅವನ ಪರವಾಗಿಯೇ ಜೋರಾಗಿ ಹೇಳಬೇಕು. ಆಮೇಲೆ ಅದನ್ನ ಖಂಡಿಸಿ ನಮ್ಮ ಸಿದ್ಧಾಂತ ಹೇಳಬೇಕು. ನಾನು ಖಂಡನೆ ಶುರು ಮಾಡೋದೇ ಮೂರೂವರೆ ಮೇಲೆ!"

"ಎಲ್ಲಾ ಪಾಠಕ್ಕೂ ಹಂಗೇನಾ ಮೇಡಂ?"

"ಎಲ್ಲಾ ಪಾಠಕ್ಕೂ."

ನೋಟ್ಸು ತಿರುವಿದೆ. ಇಡೀ ವರ್ಷದ್ದು. ನೂರಿಪ್ಪತ್ತು ಪುಟ, ಮುದ್ದಾದ ಅಕ್ಷರ, ಕೆಂಪು ಗೆರೆ. ಸೋತವರ ವಾದಗಳನ್ನೆಲ್ಲ ಒಂದೂ ಬಿಡದೆ ಶ್ರದ್ಧೆಯಿಂದ ಕಲಿತಿದ್ದೆ! ಅಷ್ಟಾದರೂ ಅವತ್ತಿನ ಪೀರಿಯಡ್ಡಿನಲ್ಲಿ ಮೂರೂವರೆ ಆಗುತ್ತಲೇ ಕಾಲು ತಾನಾಗಿ ಎದ್ದಿತು. ಊರಲ್ಲಿ ಅವ್ವ ಕಾಯುತ್ತಿರುತ್ತಾಳಲ್ಲ.

ಸಂಜೆ ಕೊಟ್ಟಿಗೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವ್ವನ ಕೈ ಕೆಚ್ಚಲಿನ ಮೇಲೆಯೇ ನಿಂತಿತು.

"ಅಂಗಾರೆ, ಆಲ್ ಕರೆಯಕ್ಕೆ ಅಂತ ನೀನು ಓಡ್ ಬತ್ತಿದ್ಯಲ್ಲ, ಅದಾದ್ಮೇಲೇನಾ ನಿಜ ಏಳ್ತಿದ್ದುದ್ದು?"

"ಹೂಂ ಅವ್ವ."

ಪಾತ್ರೆಗೆ ಹಾಲು ಬೀಳುವ ಸದ್ದು ಮತ್ತೆ ಶುರುವಾಯಿತು.

"ನಾಳಿಂದ ಐದ್ ಗಂಟೆ ಬಸ್ಸಿಗೇ ಬಾ. ಆಲು ನಾನೇ ಕರ್ಕತೀನಿ."

"ಒಬ್ಬಳಿಗೇ ಕಷ್ಟ ಆಗಲ್ವಾ ಅವ್ವ?"

ಅವ್ವ ಹಿತ್ತಲ ಕಡೆ ತಿರುಗಿ ನೋಡಿದಳು.

"ಅರ್ಧ ಪಾಟಕ್ಕೇ ಅರ್ಧ ಮೆದೆ ಓಯ್ತು. ಇನ್ನರ್ಧನಾರ ಉಳೀಬೇಕಲ್ಲವ್ವ, ಪೂರಾ ಕೇಳ್ಕಂಡೇ ಬಾ!"