ಹಲ್ಲು ಕಿರಿದ ಹಲಗೆಗಳು

ಆರ್ನೋ ಕ್ಲೆಮ್‌ನ ಪಡಿಪಾಟಲಿಗೆಲ್ಲ ಮೂಲ ಒಂದೇ ಒಂದು ಹಲಗೆ. ಅದೂ ಕದ್ದದ್ದಲ್ಲ, ಉಳಿದದ್ದು. ಅವನು ಸ್ಟೇಷನ್ ರಸ್ತೆಯ ದೀಪದ ಕಂಬಗಳಿಗೆಲ್ಲ ಒಂದು ಪಕ್ಷದ ಚುನಾವಣೆಯ ಪೋಸ್ಟರ್ ಕಟ್ಟುತ್ತಾ ಬಂದಾಗ ಕಂಬಗಳು ಮುಗಿದವು, ಹಲಗೆ ಒಂದು ಉಳಿಯಿತು. ಆರ್ನೋ ಆಚೀಚೆ ನೋಡಿ ಅದನ್ನು ಕಂಕುಳಲ್ಲಿ ಇರುಕಿಕೊಂಡು ನೆಟ್ಟಗೆ ತನ್ನ ತೋಟಕ್ಕೆ ನಡೆದ.

ಅವನನ್ನು ಬೈಯುವುದು ಸುಲಭ. ಆದರೆ ಪಶ್ಚಿಮ ಜರ್ಮನಿಯಿಂದ ಬಂದ ಆ ಪಕ್ಷದವರು ಪೋಸ್ಟರ್ ಅಂತ ಬರೀ ಕಾಗದ ಕಳಿಸಿರಲಿಲ್ಲ. ದಪ್ಪನೆಯ, ನುಣುಪಾದ, ಮಳೆಗೆ ಉಬ್ಬದ ಹಲಗೆಗೆ ಅಂಟಿಸಿ ಕಳಿಸಿದ್ದರು. ಎರಡು ಜರ್ಮನಿಗಳ ನಡುವಿನ ಗೋಡೆ ಬಿದ್ದು ನಾಲ್ಕು ತಿಂಗಳಾಗಿ ಪೂರ್ವದ ನಮ್ಮ ಟ್ರೀಬನಾವ್ ಊರಿಗೆ ಬಾಳೆಹಣ್ಣು ಬಂದಿತ್ತು, ಬಣ್ಣಬಣ್ಣದ ಪತ್ರಿಕೆ ಬಂದಿತ್ತು, ಹಲಗೆ ಮಾತ್ರ ಬಂದಿರಲಿಲ್ಲ. ಮುಂದಿನ ಭಾನುವಾರ ನಮ್ಮ ಜೀವಮಾನದ ಮೊದಲ ನಿಜವಾದ ಮತದಾನ. ಎರಡು ಜರ್ಮನಿ ಬೇಗ ಒಂದಾಗಬೇಕೋ ನಿಧಾನವಾಗಿ ಒಂದಾಗಬೇಕೋ ಎಂದು ಕಂಬಕಂಬವೂ ಕೇಳುತ್ತಿತ್ತು. ನಾವೂ ತಲೆಯೆತ್ತಿ ನೋಡುತ್ತಿದ್ದೆವು. ಆದರೆ ನೋಡುತ್ತಿದ್ದದ್ದು ಹಲಗೆಯ ದಪ್ಪವನ್ನು.

ಆರ್ನೋನ ಹೆಣ್ಣು ಮೊಲಕ್ಕೆ ದಿನ ತುಂಬಿತ್ತು, ಗೂಡಿಗೆ ಬಾಗಿಲಿರಲಿಲ್ಲ. ಹಲಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅದರ ಮೇಲಿದ್ದ ಅಭ್ಯರ್ಥಿ, ಜಿಲ್ಲಾ ಪಟ್ಟಣದ ಒಬ್ಬ ದಂತವೈದ್ಯರು, ಮೂವತ್ತೆರಡೂ ಹಲ್ಲು ತೋರಿಸಿ ಮೊಲದ ಬಾಗಿಲಲ್ಲಿ ನಕ್ಕರು.

ಬೇಲಿಯಾಚೆಯಿಂದ ಹೈನೋ ಟೀಟ್ಸೆಯ ತಲೆ ಎದ್ದಿತು. ಹೈನೋ ಪಕ್ಕದ ತೋಟದವನು, ಊರಿನ ಮೊಲ ಸಾಕುವವರ ಸಂಘದ ಕಾರ್ಯದರ್ಶಿ.

"ಎಲ್ಲಿ ಸಿಕ್ತೋ?" ಅಂದ.

ನಮ್ಮಲ್ಲಿ ಈ ಪ್ರಶ್ನೆ ನಮಸ್ಕಾರ ಇದ್ದ ಹಾಗೆ. ಉತ್ತರ ಕೊಡದವನು ಮನುಷ್ಯನೇ ಅಲ್ಲ. ಆದರೆ ಪಕ್ಷದ ಮಾಲು ಎತ್ತಿಕೊಂಡು ಬಂದೆ ಅಂತ ಹೇಳುವುದಾದರೂ ಹೇಗೆ?

"ಅವರೇ ತಗೊಂಡು ಹೋಗಿ ಅಂದ್ರು ಮಾರಾಯ," ಎಂದ ಆರ್ನೋ. "ಬೇಕಾದೋರು ಬಿಚ್ಕೋಬಹುದಂತೆ."

ಹೈನೋನ ತಲೆ ಬೇಲಿಯ ಕೆಳಗೆ ಮರೆಯಾಯಿತು. ಇಷ್ಟು ಬೇಗ ಮಾತು ಮುಗಿಸಿದ ಹೈನೋನನ್ನು ಆರ್ನೋ ಅದುವರೆಗೆ ನೋಡಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಬ್ರೆಡ್ ತರಲು ಹೊರಟ ಆರ್ನೋ ಸ್ಟೇಷನ್ ರಸ್ತೆಗೆ ಕಾಲಿಟ್ಟವನೇ ನಿಂತುಬಿಟ್ಟ. ಕಂಬಗಳು ಬೋಳಾಗಿದ್ದವು. ಒಂದಾದರೂ ಹಲ್ಲು ಕಾಣುತ್ತದೇನೋ ಎಂದು ಈ ತುದಿಯಿಂದ ಆ ತುದಿಯವರೆಗೆ ಓಡಿದ. ಏನೂ ಇಲ್ಲ. ಕಟ್ಟಿದ ತಂತಿಯನ್ನೂ ಬಿಟ್ಟಿರಲಿಲ್ಲ.

ಬ್ರೆಡ್ ಮರೆತು ಮನೆಗೆ ಓಡಿದ. ಅವನು ಕೆಲಸ ಮಾಡುತ್ತಿದ್ದ ಕಾಲುಚೀಲದ ಕಾರ್ಖಾನೆಗೆ ಈಸ್ಟರ್‌ಗೆ ಬೀಗ ಎಂದು ಗೊತ್ತಾಗಿತ್ತು. ಊರಿನ ಹಳೇ ಮೀನಂಗಡಿಯಲ್ಲಿ ಪಕ್ಷ ಕಚೇರಿ ತೆರೆಯುತ್ತದೆ, ಅದಕ್ಕೊಬ್ಬ ಮೇಲ್ವಿಚಾರಕ ಬೇಕು, ಸಂಬಳ ಪಶ್ಚಿಮದ ಮಾರ್ಕಿನಲ್ಲಿ ಎಂದು ಹೆರ್ ವಿಟ್ಟೆ ಹೇಳಿದ್ದರು. ವಿಟ್ಟೆ ಎಂದರೆ ಪ್ರಚಾರ ನೋಡಿಕೊಳ್ಳಲು ಪಶ್ಚಿಮದಿಂದ ಬಂದ ಮೆತ್ತನೆ ಕೋಟಿನ ಮನುಷ್ಯ. "ನಾಳೆ ಮಧ್ಯಾಹ್ನದ ಕಾಫಿ ಹೊತ್ತಿಗೆ ಪಕ್ಷದ ದೊಡ್ಡ ಯಜಮಾನರು ನಿಮ್ಮೂರಿನ ಮೇಲೆ ಹೋಗ್ತಾರೆ. ನೀವು ಪೋಸ್ಟರ್ ಕಟ್ಟಿದ ರಸ್ತೆ ನೋಡಿ ಖುಷಿಯಾದ್ರೆ ಕೆಲಸ ನಿಮ್ದೇ ಅಂತ ಇಟ್ಕೊಳ್ಳಿ," ಎಂದು ಹಿಂದಿನ ದಿನವೇ ಹೇಳಿದ್ದರು.

ಹೆಂಡತಿ ರೋಸ್ವಿಟಾ ಎಲ್ಲ ಕೇಳಿ ಒಲೆಯ ಮೇಲಿನ ಹಾಲು ಇಳಿಸಿದಳು.

"ಬೇಕಾದೋರು ಬಿಚ್ಕೋಬಹುದು ಅಂತ ನೀನೇ ಹೇಳ್ದೆ?"

"ಹೈನೋಗೆ ಮಾತ್ರ ಹೇಳ್ದೆ."

"ಹೈನೋಗೆ ಹೇಳೋದೂ ಒಂದೇ, ರೇಡಿಯೋಗೆ ಹೇಳೋದೂ ಒಂದೇ. ಹೋಗು, ಕಾಲಿಗೆ ಬಿದ್ದಾದ್ರೂ ಎಲ್ಲಾ ವಾಪಸ್ ತಗೊಂಡ್ ಬಾ. ಈಸ್ಟರ್ ಆದ್ಮೇಲೆ ಏನ್ ತಿನ್ನೋಣ, ಕಾಲುಚೀಲಾನಾ?"

ಊರವರ ಸಣ್ಣ ಸಣ್ಣ ತೋಟಗಳೆಲ್ಲ ಒಟ್ಟಿಗಿದ್ದ ತೋಟದ ಕಾಲೊನಿಗೆ ಹೋದರೆ ಎಲ್ಲೆಲ್ಲೂ ಸುತ್ತಿಗೆಯ ಸದ್ದು. ಒಂದೇ ರಾತ್ರಿಯಲ್ಲಿ ಊರು ಉದ್ಧಾರವಾಗಿತ್ತು. ಚಾವಣಿಗಳಿಂದ, ಗೊಬ್ಬರದ ಗುಂಡಿಗಳಿಂದ, ಕೋಳಿಗೂಡುಗಳಿಂದ ದಂತವೈದ್ಯರು ನಗುತ್ತಿದ್ದರು.

ಮೊದಲು ಸಿಕ್ಕವಳು ವಿಧವೆ ಫ್ರಾವ್ ಕೊಶಿಟ್ಸ್. ಅವಳು ತನ್ನ ಹಲಗೆಯನ್ನು ಕೋಳಿಗೂಡಿಗೆ ಹೊಡೆದು, ಕೋಳಿ ಓಡಾಡಲೆಂದು ವೈದ್ಯರ ಬಾಯಿಯನ್ನೇ ದುಂಡಗೆ ಕೊರೆದಿದ್ದಳು. ಆರ್ನೋ ನೋಡುತ್ತಿದ್ದಂತೆಯೇ ಒಂದು ಹೇಂಟೆ ಬಾಯಿಂದ ಹೊರಬಂತು.

"ಫ್ರಾವ್ ಕೊಶಿಟ್ಸ್, ಅದು ವಾಪಸ್ ಬೇಕಿತ್ತು."

"ಅಲ್ಲಪ್ಪಾ, ಕೊಟ್ಟೋರು ನೀವೇ, ಕೇಳೋರೂ ನೀವೇ? ಆಯ್ತು, ಬದಲಿಗೆ ಏನ್ ಕೊಡ್ತೀಯ?"

ಇದೂ ನಮ್ಮ ಪದ್ಧತಿಯೇ. ನಮ್ಮಲ್ಲಿ ದುಡ್ಡಿಗೆ ಏನೂ ಸಿಗುತ್ತಿರಲಿಲ್ಲ, ಬದಲಿಗೆ ಎಲ್ಲ ಸಿಗುತ್ತಿತ್ತು. ಆರ್ನೋ ತನ್ನ ತೋಟದ ಹಿತ್ತಾಳೆ ನಲ್ಲಿ ಬಿಚ್ಚಿ ತಂದು ಕೊಟ್ಟ. ನಲ್ಲಿ ಕೊಟ್ಟ ಸುದ್ದಿ ಅವನಿಗಿಂತ ಮುಂದೆ ಓಡಿತು. ಆಮೇಲೆ ಯಾರೂ ಸುಮ್ಮನೆ ಕೊಡಲಿಲ್ಲ. ಬಸ್ ಡ್ರೈವರ್ ವಿನ್‌ಫ್ರೀಡ್ ಹಲಗೆಯನ್ನು ತೋಟದ ಪಾಯಿಖಾನೆಗೆ ಬಾಗಿಲು ಮಾಡಿ, ಗಾಳಿಯಾಡಲು ವೈದ್ಯರ ಹಣೆಯಲ್ಲಿ ಹೃದಯದಾಕಾರದ ತೂತು ಕೊರೆದು, ಒಳಗೇ ಕೂತಿದ್ದ.

"ಈಗ ಬಿಚ್ಚೋಕಾಗಲ್ಲ ಕಣೋ," ಎಂದ ತೂತಿನಿಂದ. "ಒಂದು ಮಾತು, ನಿನ್ನ ಹತ್ರ ಗರಗಸ ಇದ್ಯಲ್ಲ?"

ಗರಗಸ ಹೋಯಿತು. ನೀರಿನ ಪೈಪು ಹೋಯಿತು. ಎರಡು ಮಡಿಸುವ ಕುರ್ಚಿ, ರೋಸ್ವಿಟಾ ಮಾಡಿಟ್ಟ ಚೆರಿ ಹಣ್ಣಿನ ಬಾಟಲಿಗಳು, ಮಾವ ಕೊಟ್ಟ ಏಣಿ, ಎಲ್ಲ ಹೋಯಿತು. ಆರ್ನೋನ ತೋಟ ಸೈನ್ಯ ದಾಟಿಹೋದ ಹಾಗೆ ಬರಿದಾಗುತ್ತ ಬಂತು. ಹಲಗೆಗಳು ಮಾತ್ರ ಒಂದೊಂದಾಗಿ ಕೈಗಾಡಿ ಸೇರಿದವು, ಒಂದಕ್ಕೆ ಕೀಲು, ಒಂದಕ್ಕೆ ಚಿಲಕ, ಒಂದಕ್ಕೆ ಕೋಳಿಯ ಹಿಕ್ಕೆ.

ಈ ನಡುವೆ ವಿಟ್ಟೆಯವರ ಬೆಳ್ಳಿ ಬಣ್ಣದ ಕಾರು ಕಾಲೊನಿಯ ದಾರಿಗೆ ಬಂತು. ಆರ್ನೋ ತಟಕ್ಕನೆ ಫ್ರಾವ್ ಕೊಶಿಟ್ಸಳ ಗೊಬ್ಬರದ ಗುಡ್ಡೆಯ ಹಿಂದೆ ಕುಕ್ಕರಿಸಿದ.

"ಹೆರ್ ಕ್ಲೆಮ್! ಹೆರ್ ಕ್ಲೆಮ್ ಎಲ್ಲಿದ್ದೀರಿ?" ವಿಟ್ಟೆ ಗಾಜಿಳಿಸಿ ಕೂಗಿದರು. ಕಾರು ಎರಡು ಸುತ್ತು ಹಾಕಿ ಹೊರಟುಹೋಯಿತು.

ರೋಸ್ವಿಟಾ ಓಡಿಬಂದಳು. "ಮನೆಗೂ ಬಂದಿದ್ರು. ನಿನ್ನನ್ನೇ ಕಾಣ್ಬೇಕಂತೆ. ನಗ್ತಾ ಇದ್ರು ಕಣೋ."

"ಪಶ್ಚಿಮದೋರು ಕೆಲಸದಿಂದ ತೆಗೆಯುವಾಗ್ಲೂ ನಗ್ತಾರೆ," ಎಂದ ಆರ್ನೋ ಗೊಬ್ಬರ ಕೊಡವಿಕೊಳ್ಳುತ್ತ. "ಮೊದಲು ಹಲಗೆ ಕಟ್ತೀನಿ, ಆಮೇಲೆ ಮುಖ ತೋರಿಸ್ತೀನಿ."

ಕೊನೆಗೆ ಉಳಿದವನು ಹೈನೋ. ಮೊದಲು ಸುದ್ದಿ ತಿಳಿದವನಾದ್ದರಿಂದ ಅವನು ನಾಲ್ಕು ಹಲಗೆ ಹೊಡೆದುಕೊಂಡಿದ್ದ. ಮೂರನ್ನು ಒಪ್ಪವಾಗಿ ಗೋಡೆಗೆ ಒರಗಿಸಿಟ್ಟಿದ್ದ. ನಾಲ್ಕನೆಯದು ಅವನ ತೋಟದ ಗೇಟಾಗಿತ್ತು. ಒಂದು ಗೀರಿಲ್ಲ, ಒಂದು ತೂತಿಲ್ಲ, ವೈದ್ಯರ ಮುಖ ಬೀದಿಗೆ.

"ಗೇಟು ಕೊಡಲ್ಲ," ಎಂದ ಹೈನೋ. "ಮೂರು ಬೇಕಾದ್ರೆ ತಗೋ. ಬ್ಯಾರನ್ ಕೊಟ್ಬಿಡು."

ಬ್ಯಾರನ್ ಆರ್ನೋನ ಗಂಡು ಮೊಲ. ಜಿಲ್ಲಾ ಪ್ರದರ್ಶನದಲ್ಲಿ ಬಹುಮಾನ ಗೆದ್ದದ್ದು, ಕಿವಿ ಹಿಡಿದರೆ ರೇಷ್ಮೆ.

"ಹೈನೋ, ಅದನ್ನ ನಾನು ಬಾಟಲಿ ಹಾಲು ಕುಡಿಸಿ ಸಾಕಿದ್ದು ಕಣೋ."

"ನನಗೇನು ಗೊತ್ತಿಲ್ವಾ? ಅದಕ್ಕೇ ಕೇಳ್ತಿರೋದು."

ಆರ್ನೋ ಬ್ಯಾರನ್‌ನನ್ನು ಎತ್ತಿ ಬೇಲಿಯಾಚೆ ಕೊಟ್ಟ. ಆಮೇಲೆ ತನ್ನ ಹೆಣ್ಣು ಮೊಲದ ಗೂಡಿನ ಬಾಗಿಲನ್ನೂ ಕಿತ್ತು, ಸಂದಿಗೆ ಒಂದು ಗೋಣಿ ಇಳಿಬಿಟ್ಟು, ಗಾಡಿ ತಳ್ಳಿದ. ಏಣಿ ಇಲ್ಲದ್ದರಿಂದ ಕಂಬಕಂಬಕ್ಕೂ ರೋಸ್ವಿಟಾಳ ಹೆಗಲು ಹತ್ತಿ ಕಟ್ಟಬೇಕಾಯಿತು. ಅವಳು ಪ್ರತಿ ಕಂಬದ ಕೆಳಗೂ ಅವನ ವಂಶದ ಬಗ್ಗೆ ಹೊಸದೊಂದು ಮಾತು ಹೇಳಿದಳು. ಕೊನೆಯ ಗಂಟು ಬಿಗಿಯುವಾಗ ರಸ್ತೆಯ ತುದಿಯಲ್ಲಿ ಕರಿ ಕಾರುಗಳು ಕಾಣಿಸಿದವು.

ಮುಂದಿನ ಕಾರು ಮೊದಲ ಕಂಬದ ಬಳಿ ನಿಧಾನವಾಯಿತು. ಬಾಯಿದ್ದ ಕಡೆ ತೂತು, ತೂತಿನಲ್ಲಿ ಒಂದು ಗರಿ. ಎರಡನೆಯ ಕಂಬದ ಬಳಿ ನಿಂತೇಬಿಟ್ಟಿತು. ಹಣೆಯಲ್ಲಿ ಹೃದಯ. ಮೂರನೆಯದರ ಮೂಗಿಗೆ ಚಿಲಕ. ಕಾರಿನೊಳಗೆ ಯಜಮಾನರ ಮುಖ ಬೀಟ್‌ರೂಟ್ ಆಗುವುದು ಗಾಜಿನಾಚೆಯಿಂದಲೇ ಕಾಣಿಸಿತು. ಹಿಂದಿನ ಕಾರಿನಿಂದ ಇಳಿದ ವಿಟ್ಟೆಯವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೆರ್ ಕ್ಲೆಮ್, ಇದೇನು ಮಾಡಿದಿರಿ?"

"ಎಲ್ಲಾ ವಾಪಸ್ ತಂದು ಕಟ್ಟಿದೀನಿ ಸಾರ್. ಒಂದು ಬಿಟ್ಟು."

"ಯಾರು ಕಟ್ಟೋಕೆ ಹೇಳಿದ್ರು ನಿಮಗೆ?" ವಿಟ್ಟೆಯವರ ದನಿ ಅಳುವಂತಿತ್ತು. "ಬೆಳಿಗ್ಗೆ ಬೋಳು ಕಂಬ ನೋಡಿ ಬ್ರೆಡ್ ಅಂಗಡಿಯಲ್ಲಿ ಕೇಳ್ದೆ. ಜನ ಮನೆಗೆ ತಗೊಂಡು ಹೋದ್ರು ಅಂದ್ರು. ಓಡಿಹೋಗಿ ಯಜಮಾನರಿಗೆ ಫೋನ್ ಮಾಡ್ದೆ. ಟ್ರೀಬನಾವ್‌ನಲ್ಲಿ ನಮ್ಮ ಪೋಸ್ಟರ್‌ನ ಜನ ಮನೆಮನೇಲಿ ಇಟ್ಕೊಂಡಿದಾರೆ ಅಂದೆ. ಅವರಿಗೆ ಕಣ್ಣಲ್ಲಿ ನೀರು. ಅಲ್ಲಿ ಪೋಸ್ಟರ್ ಕಟ್ಟಿದ ಮನುಷ್ಯನಿಗೆ ಇವತ್ತೇ ಕೆಲಸ ಕೊಡು ಅಂದ್ರು. ಅದನ್ನ ಹೇಳೋಕೇ ಊರೆಲ್ಲ ಹುಡುಕಿದೆ ನಿಮ್ಮನ್ನ. ಬೋಳು ಕಂಬ ನೋಡೋಕೇ ಅವರು ಬಂದಿದ್ದು!"

ಆರ್ನೋ ಬಾಯಿ ತೆರೆದ. ಈಗ ಅವನ ಬಾಯಿಯೂ ಕೋಳಿಗೂಡಿನ ಬಾಗಿಲೇ.

ಕಾರುಗಳು ಸಿಟ್ಟಿನಿಂದ ಹೊರಟವು. ಆದರೆ ಕಾಲೊನಿಯ ತಿರುವಿನಲ್ಲಿ ಮುಂದಿನ ಕಾರು ಮತ್ತೆ ನಿಂತಿತು. ಹೈನೋನ ಗೇಟಿನಲ್ಲಿ ದಂತವೈದ್ಯರು ಒಂದು ಹಲ್ಲೂ ಕಳೆದುಕೊಳ್ಳದೆ ನಗುತ್ತಿದ್ದರು. ಯಜಮಾನರು ಇಳಿದರು. ಗೇಟು ಸವರಿದರು. ಬ್ಯಾರನ್‌ನನ್ನು ಎತ್ತಿಕೊಂಡು ನಿಂತಿದ್ದ ಹೈನೋನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಫೋಟೋದವನು ಮೊಲದ ಸಮೇತ ಪಟ ತೆಗೆದ.

ಕತ್ತಲಾಗುವ ಮುಂಚೆ ಕಚೇರಿಯ ಹೊಸ ಮೇಲ್ವಿಚಾರಕ ಹೈನೋ ಟೀಟ್ಸೆ ತನ್ನ ಮೊದಲ ಕೆಲಸ ಮುಗಿಸಿದ್ದ. ಅಂದಗೆಟ್ಟ ಪೋಸ್ಟರ್‌ಗಳನ್ನೆಲ್ಲ ಇಳಿಸಿ ವಿಲೇವಾರಿ ಮಾಡಬೇಕೆಂದು ಅಪ್ಪಣೆಯಾಗಿತ್ತು. ಮೀನಂಗಡಿಯ ಮುಂದೆ ಹಲಗೆಗಳ ರಾಶಿ, ರಾಶಿಯ ಮುಂದೆ ಹಲಗೆ ಬೇಕೆಂದವರ ಸಾಲು. ಸಾಲು ಕಂಡರೆ ನಿಲ್ಲುವುದು ನಮ್ಮ ಜಾಯಮಾನ. ಆದರೆ ಆರ್ನೋ ನಿಂತದ್ದು ಅದಕ್ಕಲ್ಲ. ಮಧ್ಯಾಹ್ನ ಅವನ ಹೆಣ್ಣು ಮೊಲ ಆರು ಮರಿ ಹಾಕಿತ್ತು. ಗೋಣಿಯ ಸಂದಿಯಿಂದ ಚಳಿಗಾಳಿ ನುಗ್ಗುತ್ತಿತ್ತು.

ಅವನ ಸರದಿ ಬಂದಾಗ ಒಂದೇ ಹಲಗೆ ಉಳಿದಿತ್ತು. ಅದು ಅವನ ಗೂಡಿನ ಬಾಗಿಲೇ.

"ಹೈನೋ, ಅದು ನಂದು ಕಣೋ. ಮರಿ ಚಳಿಗೆ ಸಾಯ್ತವೆ."

ಹೈನೋ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಸ್ನೇಹಿತನ ಮುಖ ನೋಡಿ ನಿಜವಾಗಿಯೂ ಅವನಿಗೆ ಕನಿಕರವಾಯಿತು.

"ಖಂಡಿತ ಕೊಡ್ತೀನಿ ಮಾರಾಯ," ಎಂದ. "ಬದಲಿಗೆ ಏನ್ ಕೊಡ್ತೀಯ?"