ಬೀಗ ಕದ್ದ ಕಳ್ಳ

ಇಷ್ಟಕ್ಕೆಲ್ಲ ಕಾರಣ ಒಂದು ಬೀಗದ ಕೈ. ಹೆಬ್ಬೆರಳಿಗಿಂತ ಚಿಕ್ಕದು, ಹಿತ್ತಾಳೆಯದು. ಬೈಂಡರನ ಗೊಂಚಲಿನಲ್ಲಿ ಉಳಿದ ಏಳು ಬೀಗದ ಕೈಗಳ ನಡುವೆ ಕೆಲಸವಿಲ್ಲದ ನೆಂಟನ ಹಾಗೆ ಕಾಲ ಕಳೆಯುತ್ತಿತ್ತು. ಅದಕ್ಕೆ ಹೊಂದುವ ಬೀಗ ಮನೆಯಲ್ಲಿರಲಿಲ್ಲ. ಅದನ್ನು ನಲವತ್ತು ವರ್ಷದ ಹಿಂದೆ ಕಳ್ಳ ಒಯ್ದಿದ್ದ.

ಬೈಂಡರ್ ಲೈಬ್ರರಿಯ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವನು. ಅವನ ಅಪ್ಪ ಸರ್ವೆ ಇಲಾಖೆಯಲ್ಲಿದ್ದರು. ಸರೋವರದ ದಡದ ಊರಿನಲ್ಲಿ ಕೆಲಸವಿದ್ದಾಗ ಅಲ್ಲಿನ ಬಡಗಿಯಿಂದ ಒಂದು ಕಯಾಕ್ ಮಾಡಿಸಿಕೊಂಡಿದ್ದರು. ಹಸಿರು ಬಣ್ಣದ ಕಿರಿದಾದ ಮರದ ದೋಣಿ, ಒಬ್ಬರ ಹಿಂದೊಬ್ಬರು ಇಬ್ಬರೇ ಕೂರಬಹುದು. ವರ್ಗವಾಗಿ ಊರು ಬಿಡುವ ಹಿಂದಿನ ಸಂಜೆ ದೋಣಿಮನೆಯ ಹತ್ತಿರ ಅದಕ್ಕೆ ಸರಪಳಿ ಸುತ್ತಿ ಬೀಗ ಹಾಕಿ ಬಂದರು. ಬೆಳಗ್ಗೆ ಎದುರಿಗೆ ಬಂದವರ ಮುಖ ಕಾಣದಂಥ ಮಂಜು. ಹೋಗಿ ನೋಡಿದರೆ ಕಯಾಕ್ ದಡದ ಮೇಲೆ ಬಿದ್ದಿದೆ, ಬೀಗವೂ ಇಲ್ಲ ಸರಪಳಿಯೂ ಇಲ್ಲ.

“ಕಳ್ಳ ನನ್ನ ಬೀಗ ನೋಡಿ ಮನಸೋತ ಕಣ್ರೋ. ಬೀಗ ಒಯ್ದ, ಕಯಾಕ್ ಬಿಟ್ಟ,” ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಕಾಫಿ ಕುಡಿಯಲು ಬಂದವರು ಈ ಕತೆ ಕುಡಿಯದೆ ಎದ್ದುಹೋಗುವ ಹಾಗಿರಲಿಲ್ಲ. ಅಂಥ ಮೂರ್ಖ ಕಳ್ಳ ಇರುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಅಪ್ಪ ಹೇಳಿದ ಮೇಲೆ ಇದ್ದೇ ಇರುತ್ತಾನೆ.

ಈಗ ಅಪ್ಪ ಇಲ್ಲ. ಅಕ್ಕನಿಗೆ ಮುಂದಿನ ವಾರ ಮಂಡಿಯ ಆಪರೇಷನ್ನು. ಆಮೇಲೆ ಕಾಲು ಮಡಚುವುದಕ್ಕೆ ಆಗುತ್ತದೋ ಇಲ್ಲವೋ, ಅದಕ್ಕೆ ಮೊದಲು ಒಂದು ಸಲ ಅಪ್ಪನ ಕಯಾಕಿನಲ್ಲಿ ಅದೇ ನೀರಿನ ಮೇಲೆ ಕೂರಿಸು ಎಂದು ಅವಳು ಕೇಳಿದ್ದಳು. ಟೆಲಿಫೋನ್ ಆಪರೇಟರಾಗಿ ಮೂವತ್ತು ವರ್ಷ ಊರಿನವರ ಮಾತೆಲ್ಲ ಜೋಡಿಸಿಕೊಟ್ಟವಳು ತಮ್ಮನ ಹತ್ತಿರ ಏನನ್ನಾದರೂ ಕೇಳಿದ್ದು ಇದೇ ಮೊದಲು. ಹಾಗಾಗಿ ಆ ದಿನ ಕಯಾಕಿಗೆ ಏನೂ ಆಗಬಾರದಿತ್ತು.

ಹೊರಡುವ ಹೊತ್ತಿಗೆ ಪಕ್ಕದ ಮನೆಯ ವಿಮೆಯವರು ಗೇಟಿನಲ್ಲಿ ಪ್ರತ್ಯಕ್ಷರಾದರು. ವಿಮೆ ಕಂಪನಿಯಿಂದ ನಿವೃತ್ತರಾದವರು. ಲೋಕದಲ್ಲಿ ಕಳುವಾಗದ ವಸ್ತುವೇ ಇಲ್ಲ ಎನ್ನುವುದು ಅವರ ಒಟ್ಟು ಅನುಭವ. ಬೈಂಡರ್ ಕಾರಿನ ಮೇಲೆ ಕಯಾಕನ್ನು ಬೋರಲು ಹಾಕಿ ಹಗ್ಗದಿಂದ ಕಟ್ಟಿದ್ದನ್ನು ನೋಡಿ ಅವರಿಗೆ ನಗು ಬಂತು. ಹಗ್ಗಕ್ಕೆ ಒಂದು ಬ್ಲೇಡು ಸಾಕು ಎಂದರು. ತಮ್ಮ ಮನೆಯಿಂದ ಮೂರು ಮಾರುದ್ದದ ಸರಪಳಿಯನ್ನೂ, ಜೊತೆಗೆ ತಮ್ಮನ್ನೂ ತಂದು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡರು.

ದಾರಿಯುದ್ದಕ್ಕೂ ಅವರು ಕಳ್ಳತನದ ಕತೆ ಹೇಳಿದರು. ಅಕ್ಕ ಕಣ್ಣುಮುಚ್ಚಿ ಕೂತಿದ್ದಳು. ಬೈಂಡರನಿಗೆ ಮಾತ್ರ ಒಂದೊಂದೂ ಎದೆಗೆ ನಾಟಿತು. ತಿಂಡಿಗೆಂದು ಹೋಟೆಲಿನ ಮುಂದೆ ನಿಲ್ಲಿಸುವಷ್ಟರಲ್ಲಿ ಅವನಿಗೆ ರಸ್ತೆಯಲ್ಲಿ ಹೋಗುವ ಮುದುಕಿಯರ ಮೇಲೂ ಅನುಮಾನ ಹುಟ್ಟಿತ್ತು.

ಸರಪಳಿಯನ್ನು ಕಯಾಕಿನ ಮೇಲಿಂದ ತಂದು, ಒಂದು ತುದಿಯನ್ನು ಈ ಕಡೆಯ ಕಿಟಕಿಯಿಂದ, ಇನ್ನೊಂದನ್ನು ಆ ಕಡೆಯ ಕಿಟಕಿಯಿಂದ ಒಳಗೆ ಬಿಟ್ಟು, ಎರಡನ್ನೂ ಕಾರಿನ ಒಳಗೇ ಸೇರಿಸಿ ಬೀಗ ಹಾಕಬೇಕೆಂದು ವಿಮೆಯವರು ಉಪಾಯ ಹೇಳಿದರು. ಬೀಗ ಒಳಗಿದ್ದರೆ ಕಳ್ಳನ ಕಣ್ಣಿಗೇ ಬೀಳುವುದಿಲ್ಲವಲ್ಲ. ಬೈಂಡರ್ ಮನೆಯಿಂದ ತಂದಿದ್ದ ಬೀಗ ಹಿಡಿದು ಕಿಟಕಿಯಿಂದ ಬಗ್ಗಿ ಹಾಗೆಯೇ ಮಾಡಿದ. ಇನ್ನೂ ಧೈರ್ಯ ಸಾಲದೆ ಉದ್ದನೆಯ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡೇ ಹೋಟೆಲಿನೊಳಗೆ ಹೋದ. ಕೈ ತೊಳೆಯಲು ತಿರುಗಿದಾಗ ಹುಟ್ಟಿನ ತುದಿ ತಾಗಿ ಮೇಜಿನ ಮೇಲಿನ ಆರು ಲೋಟ ಒಟ್ಟಿಗೇ ಕೆಳಗಿಳಿದವು. ಕ್ಷಮೆ ಕೇಳಲು ಈ ಕಡೆ ತಿರುಗಿದ. ಗೋಡೆಯ ಗಡಿಯಾರವೂ ಇಳಿಯಿತು.

ತಿಂಡಿಯಾದ ಮೇಲೆ ನಿಜವಾದ ಫಜೀತಿ. ಸರಪಳಿ ಬಿಗಿಯಾಗಿ ಆ ಹಳೆಯ ಕಾರಿಗಿದ್ದ ಎರಡು ಬಾಗಿಲಲ್ಲಿ ಒಂದೂ ತೆರೆಯುತ್ತಿರಲಿಲ್ಲ. ಅದನ್ನು ಬಿಚ್ಚಬೇಕಾದ ಬೀಗ ಜಾರಿ ಎರಡು ಸೀಟುಗಳ ಸಂದಿಗೆ ಇಳಿದಿತ್ತು, ಹೊರಗಿನಿಂದ ಕೈಗೆ ಎಟುಕದು. ಬೈಂಡರನ ಹೊಟ್ಟೆ ಕಿಟಕಿಗೆ ಒಪ್ಪಲಿಲ್ಲ. ಅಕ್ಕನ ಮಂಡಿಯ ಮಾತೇ ಬೇಡ. ಕೊನೆಗೆ ಉಪಾಯ ಹೇಳಿದವರೇ ತಲೆ ಒಳಗೆ ಹಾಕಿದರು. ಸೊಂಟದವರೆಗೆ ಸಲೀಸಾಗಿ ಹೋದವರು ಅಲ್ಲಿ ಸಿಕ್ಕಿಹಾಕಿಕೊಂಡರು. ಎರಡು ಕಾಲುಗಳು ಮಾತ್ರ ಹೊರಗೆ ಗಾಳಿಯಲ್ಲಿ ಆಡುತ್ತಿದ್ದವು.

ಹಾಡುಹಗಲೇ ಒಬ್ಬ ಕಾರಿನ ಕಿಟಕಿಯಿಂದ ನುಗ್ಗುತ್ತಿದ್ದಾನೆ, ಇನ್ನೊಬ್ಬ ಗೊಂಚಲಿನಿಂದ ಒಂದೊಂದೇ ಬೀಗದ ಕೈ ತೆಗೆದು ಅವನಿಗೆ ದಾಟಿಸುತ್ತಿದ್ದಾನೆ. ಜನ ಸೇರುವುದಕ್ಕೆ ಇನ್ನೇನು ಬೇಕು? ಎಂಟು ಬೀಗದ ಕೈಗಳಲ್ಲಿ ಮೊದಲು ಒಳಗೆ ಹೋದದ್ದು ಅಪ್ಪನ ಹಿತ್ತಾಳೆಯದು, ಅದು ಹೊಂದದೆ ವಾಪಸು ಬಂತು. ಹೋಟೆಲಿನವನಿಗೆ ಗಡಿಯಾರದ ಸಿಟ್ಟೂ ಇತ್ತು.

“ಈ ದೋಣಿ ನಿಮ್ಮದೇ ಅನ್ನೋದಕ್ಕೆ ಏನ್ರೀ ಗ್ಯಾರಂಟಿ?” ಎಂದ.

ಕಯಾಕಿಗೆ ಕಾಗದಪತ್ರ ಎಲ್ಲಿಂದ ಬರಬೇಕು? ಆಗ ಬೈಂಡರನಿಗೆ ಮೀನು ನೆನಪಾಯಿತು. ಹೊಸ ಊರಿಗೆ ಬಂದ ಮೊದಲ ಭಾನುವಾರ ಅಪ್ಪ ಅವನನ್ನು ಅಲ್ಲಿನ ನದಿಗೆ ಕರೆದೊಯ್ದಿದ್ದರು. ಕಯಾಕಿನ ಮುಂದಿನ ಸೀಟಿನ ಪಕ್ಕ, ಹಲಗೆಯ ಒಳಮೈಯಲ್ಲಿ, ಅಲ್ಲಿಯವರೆಗೆ ಕಂಡಿರದ ಒಂದು ಪುಟ್ಟ ಮೀನು ಅವನ ಬೆರಳಿಗೆ ಸಿಕ್ಕಿತ್ತು. ಗೆಳೆಯರನ್ನು ಬಿಟ್ಟು ಬಂದ ಬೇಸರ ಮರೆಸುವುದಕ್ಕೆ ಅಪ್ಪ ಗುಟ್ಟಾಗಿ ಕೆತ್ತಿದ್ದಾರೆ ಎಂದು ಒಂಬತ್ತು ವರ್ಷದ ಅವನಿಗೆ ಹೊಳೆದಿತ್ತು. ಅವನು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಬೇಸರವಾದಾಗಲೆಲ್ಲ ಆ ಮೀನಿನ ಮೇಲೆ ಬೆರಳಾಡಿಸಿಯೇ ಅವನು ದೊಡ್ಡವನಾದ.

“ದೋಣಿಯೊಳಗೆ ಮುಂದಿನ ಸೀಟಿನ ಎಡಗಡೆ ಕೈ ಹಾಕಿ ನೋಡಿ. ಒಂದು ಮೀನಿದೆ. ನಮ್ಮಪ್ಪ ನನಗೋಸ್ಕರ ಕೆತ್ತಿದ್ದು.”

ಹೋಟೆಲಿನವನು ಸ್ಟೂಲು ಹತ್ತಿ, ಬೋರಲು ಬಿದ್ದ ಕಯಾಕಿನೊಳಗೆ ಕೈ ತೂರಿಸಿ ತಡವಿದ. “ಹೌದು, ಮೀನೇ. ಬಾಲ ಸ್ವಲ್ಪ ಸೊಟ್ಟ,” ಎಂದ. ಜನರ ಮುಖ ಸಡಿಲಾಯಿತು. ನಾಲ್ಕು ಜನ ಸೇರಿ ವಿಮೆಯವರನ್ನು ಒಳಕ್ಕೆ ದಬ್ಬಿದರು, ಬೀಗ ಬಿಚ್ಚಿತು, ಎಲ್ಲರೂ ಕೈಬೀಸಿ ಕಳಿಸಿಕೊಟ್ಟರು.

ಸರೋವರ ಹಾಗೆಯೇ ಇತ್ತು. ನಡುವಿನ ಪುಟ್ಟ ನಡುಗಡ್ಡೆ, ಅದರ ಮೇಲಿನ ಒಂಟಿ ಮರ, ದಡದ ದೋಣಿಮನೆ. ಅಕ್ಕ ಕಾರಿನಿಂದ ಇಳಿದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಯಾಕ್ ಇಳಿಸುತ್ತಿರುವಾಗ ದೋಣಿಮನೆಯಿಂದ ಎಂಬತ್ತು ದಾಟಿದ ಮುದುಕ ಕೋಲೂರಿಕೊಂಡು ಬಂದ. ನೇರವಾಗಿ ಬಗ್ಗಿ ಮುಂದಿನ ಸೀಟಿನ ಎಡಗಡೆ ಕೈ ಹಾಕಿದ. ಅವನ ಬೆರಳು ಮೀನನ್ನು ಹುಡುಕಲೇ ಇಲ್ಲ, ಹೋಗಿ ಅದರ ಮೇಲೆಯೇ ಕೂತಿತು.

“ನನ್ನ ಹೆಂಡತಿ ಕೆತ್ತಿದ್ದು,” ಎಂದ. “ತರಕಾರಿ ಹೆಚ್ಚೋ ಚಾಕುವಿನಲ್ಲಿ. ಬಾಲ ಸೊಟ್ಟ ಬಂತು ಅಂತ ಎರಡು ದಿನ ಮಾತು ಬಿಟ್ಟಿದ್ದಳು. ಅವಳು ಹೋಗಿ ಹನ್ನೆರಡು ವರ್ಷ ಆಯ್ತು.”

ಬೈಂಡರನ ಕೈಯಲ್ಲಿದ್ದ ಹಗ್ಗ ಕೆಳಗೆ ಬಿತ್ತು. ಮುದುಕ ಅವರನ್ನು ದೋಣಿಮನೆಯ ಹಿಂಬದಿಗೆ ಕರೆದೊಯ್ದ. ಅಲ್ಲಿ ಕಬ್ಬಿಣದ ಕಂಬಕ್ಕೆ ಇನ್ನೊಂದು ಕಯಾಕ್ ಕಟ್ಟಿಹಾಕಿತ್ತು. ಅದೇ ಬಡಗಿಯ ಕೆಲಸ, ಅದೇ ಅಳತೆ. ಅಲ್ಲಲ್ಲಿ ಉಳಿದ ಬಣ್ಣ ಅದೇ ಹಸಿರು. ತಳ ಗೆದ್ದಲು ತಿಂದು ಜಾಲರಿಯಾಗಿತ್ತು. ಸೀಟಿನಲ್ಲಿ ಒಂದು ಕೋಳಿ ಕಾವು ಕೂತಿತ್ತು. ಸರಪಳಿಯ ತುದಿಯಲ್ಲಿ ಪುಟ್ಟ ಹಿತ್ತಾಳೆ ಬೀಗ.

“ಸರ್ವೆ ಸಾಹೇಬರು ಮಂಜಿನಲ್ಲಿ ನನ್ನದನ್ನ ಒಯ್ದುಬಿಟ್ಟರು. ಕದ್ದಿಲ್ಲ ಅಂತ ಗೊತ್ತಿತ್ತು. ಕದಿಯೋರು ತಮ್ಮದಕ್ಕೆ ಬೀಗ ಹಾಕಿ ಬಿಟ್ಟುಹೋಗ್ತಾರಾ? ಗೊತ್ತಾದ ಕೂಡಲೇ ಬರ್ತಾರೆ ಅಂತ ಕಾದೆ. ಬೇರೆಯವರ ಬೀಗ ಒಡೆಯೋದು ಸರಿ ಕಾಣಲಿಲ್ಲ. ವರ್ಷಾವರ್ಷ ಎಣ್ಣೆ ಮಾತ್ರ ಬಿಟ್ಟೆ.”

ಬೈಂಡರ್ ಗೊಂಚಲು ತೆಗೆದ. ಕೆಲಸವಿಲ್ಲದ ನೆಂಟ ಒಳಗೆ ಹೋಗಿ ಮೆತ್ತಗೆ ತಿರುಗಿತು. ಬೀಗ ಬಿಚ್ಚಿಕೊಂಡಿತು, ಕೋಳಿ ಕೂಗಾಡುತ್ತ ಇಳಿದುಹೋಯಿತು. ಅಪ್ಪ ಕೊನೆಯವರೆಗೂ ಹೇಳಿದ ಕಳ್ಳ ಯಾರೆಂದು ಮೂವರಿಗೂ ಒಟ್ಟಿಗೇ ಅರ್ಥವಾಯಿತು.

ಕೊಡದೆ ಇರುವ ಪ್ರಶ್ನೆಯೇ ಇರಲಿಲ್ಲ. ಬೈಂಡರನೇ ಮೀನಿನ ಕಯಾಕನ್ನು ನೀರಿಗೆ ತಳ್ಳಿಕೊಟ್ಟ. ಮುದುಕ ಹಿಂದಿನ ಸೀಟಿನಲ್ಲಿ ಕೂತು, ಹುಟ್ಟು ಹಿಡಿದು, ಅಕ್ಕನ ಕಡೆ ನೋಡಿ, “ಬನ್ನಿ ತಾಯಿ, ಅಷ್ಟು ದೂರದಿಂದ ಬಂದಿದ್ದೀರಿ,” ಎಂದ. ಅಕ್ಕ ತಮ್ಮನ ಮುಖ ನೋಡಿದಳು. ಇದ್ದದ್ದು ಎರಡೇ ಸೀಟು. ಹೋಗು ಎಂದು ಅವನು ತಲೆಯಾಡಿಸಿದ. ಮೀನಿನ ಪಕ್ಕದಲ್ಲಿ ಮಂಡಿ ಮಡಚಿ ಕೂತ ಅಕ್ಕ ನಡುಗಡ್ಡೆಯವರೆಗೂ ಹೋಗಿ ಬಂದಳು. ದಡದಲ್ಲಿ ನಿಂತ ಬೈಂಡರನಿಗೆ ಅವಳ ಬೆನ್ನು ಹದಿಮೂರು ವರ್ಷದ ಅಕ್ಕನ ಬೆನ್ನಿನಂತೆಯೇ ಕಂಡಿತು. ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಮರಳುವಾಗ ಕಾರಿನ ಮೇಲೆ ಅಪ್ಪನ ನಿಜವಾದ ಕಯಾಕ್ ಇತ್ತು, ಹಿಂದಿನ ಸೀಟಿನಲ್ಲಿ ಎರಡು ಕೋಳಿಮೊಟ್ಟೆ. ಅದೇ ಹೋಟೆಲಿನ ಮುಂದೆ ಕಾಫಿಗೆ ನಿಲ್ಲಿಸಿದರು. ಅಪ್ಪನ ಸರಪಳಿಯನ್ನು ಕಯಾಕಿಗೆ ಸುಮ್ಮನೆ ಸುತ್ತಿ, ಬೀಗವನ್ನು ತೆರೆದೇ ನೇತುಹಾಕಿ ಬೈಂಡರ್ ಒಳಗೆ ನಡೆದ. ವಿಮೆಯವರು ಬಾಯಿ ತೆರೆದರು. ಈ ಗೆದ್ದಲು ಗೂಡನ್ನು ಯಾವ ಕಳ್ಳ ಮುಟ್ಟುತ್ತಾನೆ ಎಂದು ಅವನು ಅವರ ಬಾಯಿ ಮುಚ್ಚಿಸಿದ.

ಅವನ ಮಾತು ಸುಳ್ಳಾಗಲಿಲ್ಲ. ಕಾಫಿ ಕುಡಿದು ಬಂದಾಗ ಕಯಾಕ್ ಇಟ್ಟಲ್ಲೇ ಇತ್ತು. ಬೀಗವೂ ಸರಪಳಿಯೂ ಇರಲಿಲ್ಲ.

ಬೈಂಡರ್ ಕಾರಿನ ಸುತ್ತ ಎರಡು ಸಲ ಬಂದ, ಬಗ್ಗಿ ಚಕ್ರಗಳ ಕೆಳಗೆ ನೋಡಿದ. ಆಮೇಲೆ ಜೇಬಿನಿಂದ ಗೊಂಚಲು ತೆಗೆದು ಹಿತ್ತಾಳೆಯ ಬೀಗದ ಕೈಯನ್ನು ನೋಡುತ್ತ ನಿಂತ. ಅಕ್ಕ ನಗುವುದಕ್ಕೆ ಶುರು ಮಾಡಿದವಳು ನಿಲ್ಲಿಸಲಾರದೆ ಕಾರಿಗೆ ಒರಗಿದಳು.

“ಬಾ, ಹೊರಡೋಣ,” ಎಂದಳು ಕೊನೆಗೆ. “ಅಪ್ಪ ಹೇಳಿದ್ದು ನಿಜವೇ.”