ಅಲುಗಾಡದವರನ್ನು ಕಾಣದ ಸೆನ್ಸರ್ ದೀಪಕ್ಕೊಂದು ಬಹಿರಂಗ ಪತ್ರ

ಶ್ರೀಯುತ ಸೆನ್ಸರ್ ಅವರಿಗೆ,
ಚಾವಣಿಯ ನಟ್ಟನಡುವೆ, ಸಾರ್ವಜನಿಕ ಸಭಾಂಗಣ.

ಮಾನ್ಯರೇ,

ಬೋರಲು ಹಾಕಿದ ಬಿಳಿ ಬಟ್ಟಲಿನಂತೆ ಎತ್ತರದಲ್ಲಿ ವಿರಾಜಮಾನರಾಗಿರುವ ತಮಗೆ, ಪ್ರತಿ ಶನಿವಾರ ಸಂಜೆ ತಮ್ಮ ಕೆಳಗೆ ನಾಟಕವಾಡುವ ನಮ್ಮ ಬಡಾವಣೆಯ ತಂಡದ ಪರವಾಗಿ, ಕತ್ತು ನೋಯುವಷ್ಟು ತಲೆಯೆತ್ತಿ ಮಾಡುವ ನಮಸ್ಕಾರಗಳು. ಈ ಪತ್ರ ಓದಿ ಮುಗಿಯುವವರೆಗೆ ಯಾರಾದರೂ ತಮ್ಮ ಮುಂದೆ ಕೈಯಾಡಿಸುತ್ತಿರಲಿ ಎಂದು ಹಾರೈಸುತ್ತೇನೆ. ಇಲ್ಲವಾದರೆ ಅರ್ಧದಲ್ಲೇ ತಮಗೆ ಜೊಂಪು ಹತ್ತೀತು.

ಮೊದಲಿಗೆ ಅಭಿನಂದನೆ. ‘ಕಲೆ ಎಲ್ಲರಿಗೂ’ ಎಂಬ ಯೋಜನೆಯಡಿ ಸಭಾಂಗಣವನ್ನು ಹೊಸದು ಮಾಡಿದಾಗ ಟಿಕೆಟ್ ತೆಗೆದರು, ಗಾಲಿಕುರ್ಚಿಯವರಿಗಾಗಿ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿದರು, ಕೊನೆಗೆ ಕರೆಂಟು ಉಳಿಸುವ ಘನ ಉದ್ದೇಶದಿಂದ ಗೋಡೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು, ವೇದಿಕೆಯ ದೀಪ, ಸಭೆಯ ದೀಪ ಎರಡನ್ನೂ ತಮ್ಮ ಸುಪರ್ದಿಗೆ ಒಪ್ಪಿಸಿದರು. ಯಾರಾದರೂ ಅಲುಗಿದರೆ ಬೆಳಕು, ಎಲ್ಲರೂ ಸುಮ್ಮನಾದರೆ ಕತ್ತಲು. ಬೆಳಕಿದ್ದಷ್ಟು ಹೊತ್ತು ಮಾತ್ರ ಸಭಾಂಗಣದಲ್ಲಿ ಜನರಿದ್ದರೆಂದು ತಾವು ಸಂಸ್ಕೃತಿ ಕಚೇರಿಗೆ ತಾವಾಗಿಯೇ ವರದಿ ಕಳಿಸುತ್ತೀರೆಂಬುದು ನಮಗೆ ತಡವಾಗಿ ತಿಳಿಯಿತು.

ತಮ್ಮ ಅಭಿರುಚಿ ಅರಿತು ನಾವು ನಮ್ಮ ಕಲೆಯನ್ನು ಸಾಕಷ್ಟು ತಿದ್ದಿಕೊಂಡೆವು. ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುತ್ತಿದ್ದ ಪ್ರೇಮಿಗಳು ಈಗ ಒಬ್ಬರನ್ನೊಬ್ಬರು ಗಾಣದೆತ್ತಿನಂತೆ ಸುತ್ತುತ್ತಾರೆ. ಋಷಿ ತಪಸ್ಸಿಗೆ ಕೂತು ಸೊಳ್ಳೆ ಹೊಡೆಯುತ್ತಾನೆ. ಪ್ರೇಕ್ಷಕರೂ ಹಿಂದೆ ಬೀಳಲಿಲ್ಲ: ಬ್ಯಾಂಕಿನ ಕಾವಲುಗಾರರು ಮುಂದಿನ ಸಾಲಿನಲ್ಲಿ ಕುಳಿತು ತಲೆಯ ಮೇಲೆ ಟವೆಲ್ ಬೀಸುವ ಹೊಣೆಯನ್ನು ತಾವೇ ಹೊತ್ತರು. ಹಿಂದಿನ ಸಾಲಿನ ನರ್ಸಮ್ಮ, “ರೀ, ನಾಯಕಿ ಮುಖ ಕಾಣ್ತಿಲ್ಲ, ಟವೆಲ್ ಇಳಿಸ್ರೀ!” ಎಂದು ಗದರಿದರೆ, ಅವರು ತಿರುಗದೆಯೇ, “ಇಳಿಸಿದ್ರೆ ನಾಯಕೀನೇ ಕಾಣಲ್ಲ ತಾಯಿ, ಯಾವುದು ಬೇಕೋ ಹೇಳಿ” ಎನ್ನುತ್ತಿದ್ದರು. ಜನ ನಾಟಕದಲ್ಲಿ ತೊಡಗಿಕೊಳ್ಳಬೇಕೆಂದು ಪಂಡಿತರು ಬಹುಕಾಲದಿಂದ ಬಯಸುತ್ತಿದ್ದುದನ್ನು ತಾವು ಒಂದು ಟವೆಲಿನಲ್ಲಿ ಸಾಧಿಸಿದಿರಿ.

ತೊಡಕು ಬಂದದ್ದು ನನ್ನ ಅಕ್ಕನ ವಿಷಯದಲ್ಲಿ.

ಅಕ್ಕ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಊರವರ ಅಂಗಿಗಳ ಮೇಲೆ ಅತ್ತಿಂದಿತ್ತ ಓಡುವ ಅವಳ ಕೈ ವಾರಕ್ಕೊಮ್ಮೆ, ನಮ್ಮ ನಾಟಕದ ಕೊನೆಯ ದೃಶ್ಯದಲ್ಲಿ, ಸತ್ತ ಮಗನ ಪಕ್ಕ ಕುಳಿತಾಗ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅಲ್ಲಿ ಅವಳಿಗೆ ಅಳುವಿಲ್ಲ, ಎದೆ ಬಡಿದುಕೊಳ್ಳುವುದೂ ಇಲ್ಲ, ಹಾಡಂತೂ ಇಲ್ಲವೇ ಇಲ್ಲ. ಬಹಳ ಹೊತ್ತು ಹಾಗೇ ಕೂತು, ಕೊನೆಗೆ ಒಂದೇ ಮಾತು: “ಏಳೋ, ಮನೆಗೆ ಹೋಗೋಣ.” ಬಡಾವಣೆಯ ಜನ ಮಳೆಯಲ್ಲೂ ಛತ್ರಿ ಹಿಡಿದು ಬರುತ್ತಿದ್ದುದು ಅದಕ್ಕಾಗಿ. ಪ್ರಾಸ ಕಂಡರೆ ಪ್ರಾಣ ಬಿಡುವ ನಾನು ಬರೆದ ಹಾಡುಗಳಿಗಾಗಿ ಬರುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ, ಅದು ಬೇರೆ ಮಾತು.

ತಾವು ಬಂದ ಮೇಲೆ ಆ ಮೌನ ಅರಳುವ ಮೊದಲೇ ಕತ್ತಲಾಗತೊಡಗಿತು. ಕಾವಲುಗಾರರ ಟವೆಲ್ ಎದ್ದರೆ ಜನ ಕಿಸಕ್ಕೆಂದು ನಗುತ್ತಿದ್ದರು. ಸಂಸ್ಕೃತಿ ಅಧಿಕಾರಿಗಳು ಖುದ್ದಾಗಿ ಬಂದು ನೋಡಿ, ನಮ್ಮ ಶನಿವಾರಗಳನ್ನು ಮುಂದುವರಿಸಬೇಕೋ ಬೇಡವೋ ತೀರ್ಮಾನಿಸುತ್ತಾರೆಂಬ ಸುದ್ದಿ ಬಂದಾಗ, ನಮ್ಮ ನಿರ್ದೇಶಕರಾದ ದರ್ಜಿಯಣ್ಣನಿಗೆ ಕೈಕಾಲು ಆಡದಾಯಿತು. “ಅಕ್ಕಾ, ಈ ಒಂದ್ ಸಲ ಸ್ವಲ್ಪ ಕೈ ಬೀಸ್ತಾ ಕೂತ್ಕೋ” ಎಂದು ಅಂಗಲಾಚಿದರು. “ಮಗ ಸತ್ತಿದಾನೆ ಕಣಣ್ಣಾ, ನಾನೇನು ಬಸ್ ನಿಲ್ಲಿಸ್ತಾ ಇದೀನಾ?” ಎಂದಳು ಅಕ್ಕ. ಸತ್ತ ಮಗನಾಗಿ ಮಲಗಿದ್ದ ಹಾಲಿನವನು ಒಂದು ಕಣ್ಣು ತೆರೆದು, “ಬೇಕಾದ್ರೆ ನಾನೇ ಆಗಾಗ ಕಾಲು ಆಡಿಸ್ಲಾ?” ಎಂದು ಉಪಕಾರಕ್ಕೆ ಮುಂದಾದ. “ನೀನು ಹೆಣ, ಬಾಯ್ಮುಚ್ಚು” ಎಂದರು ದರ್ಜಿಯಣ್ಣ. ನಾನೂ ನನ್ನ ಕೈಲಾದಷ್ಟು ಮಾಡಿದೆ:

ಮಗನೇ, ನೀನು ಹೊರಟೆ ಎತ್ತ?
ಕೈಯ ಬೀಸುವೆ ಅತ್ತ ಇತ್ತ.

ಅಕ್ಕ ಅದನ್ನು ಓದಿ, ನಾಲ್ಕಾಗಿ ಮಡಿಸಿ, ನನ್ನ ಜೇಬಿಗೇ ತುರುಕಿ, “ಇದನ್ನ ನೀನು ಸತ್ತಾಗ ಹಾಡ್ತೀನಿ” ಎಂದಳು. ಆಮೇಲೆ ದನಿ ಇಳಿಸಿ, “ಆ ಹೊತ್ತೊಂದನ್ನ ಕಿತ್ಕೋಬೇಡ್ರೋ. ಅದೂ ಇಲ್ಲ ಅಂದ್ರೆ ನಾನು ಬರೋದೇ ಇಲ್ಲ” ಎಂದಳು. ದರ್ಜಿಯಣ್ಣ ಆ ದೃಶ್ಯವನ್ನು ಇದ್ದ ಹಾಗೇ ಬಿಟ್ಟರು.

ಅಧಿಕಾರಿಗಳು ಬರಬೇಕಿದ್ದ ಶನಿವಾರ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಅಕ್ಕ ಮಗನ ಪಕ್ಕ ಕುಳಿತಳು, ಕೈ ಮಡಿಲಿಗೆ ಬಿತ್ತು, ತಾವು ವಾಡಿಕೆಯಂತೆ ಕಣ್ಣು ಮುಚ್ಚಿದಿರಿ. ನಾವೆಲ್ಲ ಟವೆಲಿಗಾಗಿ ಕಾದೆವು. ಅದು ಏಳಲಿಲ್ಲ. ಕಾವಲುಗಾರರು ಅದನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರೆಂದು ಆಮೇಲೆ ಅವರೇ ಹೇಳಿದರು. ಆ ಕತ್ತಲಲ್ಲಿ ಒಬ್ಬರೂ ಕೆಮ್ಮಲಿಲ್ಲ, ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಒಂದು ಕೈ ಎತ್ತಿದರೆ ಬೆಳಕು ಬರುತ್ತದೆಂದು ಗೊತ್ತಿದ್ದವರೆಲ್ಲ ಕೈ ಕಟ್ಟಿಕೊಂಡು, ಕಾಣದ ಅಕ್ಕನನ್ನೇ ನೋಡುತ್ತಿದ್ದರು. ಅವಳು ಆ ಒಂದು ಮಾತು ಆಡಿದಳು. ಅದಾದ ಮೇಲೂ ಚಪ್ಪಾಳೆ ತಟ್ಟಲು ಯಾರಿಗೂ ಮನಸ್ಸಾಗಲಿಲ್ಲ.

ಇದೇ ಹೊತ್ತಿಗೆ ಅಧಿಕಾರಿಗಳು ತಡವಾಗಿ ಬಂದು, ಬಾಗಿಲ ಗಾಜಿನಲ್ಲಿ ಇಣುಕಿ, ಕತ್ತಲು ಕಂಡು, ನಿಶ್ಶಬ್ದ ಕೇಳಿ ಮರಳಿದರಂತೆ. ತಮ್ಮ ವರದಿಯೂ ಅದಕ್ಕೆ ತಾಳೆಯಾಯಿತು. “ಪ್ರಮುಖ ದೃಶ್ಯದ ವೇಳೆ ಸಭಾಂಗಣದಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಸ್ಥಳೀಯ ಕಲೆಗೆ ಜನರ ಬೆಂಬಲವಿಲ್ಲವೆಂದು ಸಭೆಯಲ್ಲಿ ತೀರ್ಮಾನಿಸಿ ಶನಿವಾರದ ಅವಕಾಶವನ್ನು ರದ್ದುಪಡಿಸಲಾಗಿದೆ” ಎಂಬ ನೋಟೀಸು ಬಾಗಿಲಿಗೆ ಅಂಟಿದೆ. ಎಲ್ಲರಿಗೂ ಕಲೆ ಮುಟ್ಟಿದ ಒಂದೇ ಒಂದು ಗಳಿಗೆಯನ್ನು ಯಾರೂ ಇಲ್ಲದ ಗಳಿಗೆಯೆಂದು ಗುರುತಿಸಿದ ತಮ್ಮ ಸೂಕ್ಷ್ಮದೃಷ್ಟಿಗೆ ಏನೆಂದು ಹೇಳಲಿ! ನಮ್ಮೂರ ವಿಮರ್ಶಕರಿಗೂ ಇಷ್ಟು ನಿಖರವಾಗಿ ತಪ್ಪು ಮಾಡಲು ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸ್ಥಾನದಿಂದ ಕೆಲಕಾಲ ಇಳಿದು, ಅಕ್ಕನೆದುರು ಒಂದು ಕುರ್ಚಿಯಲ್ಲಿ ಕುಳಿತು ನಾಟಕ ನೋಡಬೇಕು. ಅಲುಗಾಡದೆ ಇರುವುದಕ್ಕೂ ಇಲ್ಲದೆ ಇರುವುದಕ್ಕೂ ವ್ಯತ್ಯಾಸವಿದೆಯೆಂದು ಕಚೇರಿಗೆ ತಿದ್ದುಪಡಿ ಬರೆಯಬೇಕು. ಮತ್ತು ಸಾಧ್ಯವಾದರೆ, ನಮ್ಮ ಹಾಗೆ ಒಮ್ಮೆ ಚಪ್ಪಾಳೆ ತಟ್ಟುವುದನ್ನೂ ಮರೆಯಬೇಕು. ವೈರಿಂಗ್ ಒಪ್ಪದಿದ್ದರೆ ಮೊದಲೆರಡು ಸಾಕು.

ಕತ್ತಲಲ್ಲೂ ಕೂರಬಲ್ಲ, ತಮ್ಮ ವಿಶ್ವಾಸಿ,
ನಾಟಕ ತಂಡದ ಹಾಡು ಬರೆಯುವವನು

ತಾ.ಕ.: ನಮ್ಮ ಶನಿವಾರಗಳನ್ನು ರದ್ದು ಮಾಡಿದ ಸಭೆ ನಡೆದ ಕೋಣೆಯ ಚಾವಣಿಯಲ್ಲೂ ತಮ್ಮ ಒಡಹುಟ್ಟಿದವರೊಬ್ಬರು ಇದ್ದಾರಂತೆ. ತೀರ್ಮಾನ ಓದುವಾಗ ಅಲ್ಲಿ ದೀಪ ಆರಿಹೋಗಿ, ಚಹಾ ತಂದವರು ಒಳಗೆ ಕಾಲಿಟ್ಟ ಮೇಲಷ್ಟೇ ಹೊತ್ತಿಕೊಂಡಿತೆಂದೂ, ಆಗಲೂ ಕೆಲವರು ಗೊರಕೆ ನಿಲ್ಲಿಸಿರಲಿಲ್ಲವೆಂದೂ ಆ ಚಹಾದವರೇ ನಮಗೆ ಹೇಳಿದರು. ತಮ್ಮ ವಂಶದ ನಿಯಮದ ಪ್ರಕಾರ ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಸಭೆಯಲ್ಲಿ ಯಾವ ತೀರ್ಮಾನವೂ ಆಗುವುದಿಲ್ಲ. ಹಾಗಾಗಿ ಈ ಶನಿವಾರ ಎಂದಿನಂತೆ ಬರುತ್ತಿದ್ದೇವೆ. ಅಕ್ಕ ಇಸ್ತ್ರಿ ಅಂಗಡಿಯನ್ನು ಬೇಗ ಮುಚ್ಚುತ್ತಾಳಂತೆ.